ಬೀದಿಗೆ ಕಾಣುವಂತೆ ಉಂಡ ಸೊಸೆ

ಹೆಬ್ಬಗೋಡಿಯ ನಮ್ಮ ವಠಾರದಲ್ಲಿ ನನ್ನ ಸೊಸೆ ದಪ್ಪಗಿದ್ದಾಗ ಎಲ್ಲರೂ ಅವಳನ್ನು ಆಡಿಕೊಳ್ಳುತ್ತಿದ್ದರು. ಡಾಕ್ಟರು ಕೊಟ್ಟ ಮಾತ್ರೆ ನುಂಗಿ ಅವಳು ಸಣ್ಣಗಾದ ಮೇಲೆ ಆ ಬಾಯಿಗಳು ನನ್ನ ಕಡೆ ತಿರುಗಿದವು.

"ಅಜ್ಜಿ, ಸೊಸೆ ಹೊಟ್ಟೆಗೆ ಏನಾದ್ರೂ ಹಾಕ್ತೀರೋ ಇಲ್ವೋ?" ಎಂದು ಪಕ್ಕದ ಮನೆಯವಳು ನಲ್ಲಿಯ ಹತ್ತಿರ ಎಲ್ಲರ ಮುಂದೆ ಕೇಳಿಯೇಬಿಟ್ಟಳು.

ನನಗೆ ರೇಗಿತು. ಮಾರನೆಯ ದಿನದಿಂದ ಸೊಸೆಯನ್ನು ಬಾಗಿಲ ಬಳಿ ಬೀದಿಗೆ ಕಾಣುವಂತೆ ಕೂರಿಸಿ ಮುದ್ದೆ ಬಡಿಸತೊಡಗಿದೆ.

"ಅತ್ತೆ, ನಿಮ್ಮ ಮರ್ಯಾದೆಗೋಸ್ಕರ ನಾನು ಮತ್ತೆ ಊದ್ಕೋಬೇಕಾ?" ಎಂದಳು.

"ಸುಮ್ನೆ ತಿನ್ನೇ, ನೋಡ್ತಾವ್ರೆ."

ವಾರ ಕಳೆಯುವಷ್ಟರಲ್ಲಿ ಪಕ್ಕದವಳು ಮತ್ತೆ ಬಂದಳು. "ಪಾಪ, ಅಷ್ಟು ತಿಂದ್ರೂ ಮೈಗೆ ಹತ್ತಲ್ವಲ್ಲ ಅಜ್ಜಿ! ಏನೋ ದೊಡ್ಡ ಕಾಯಿಲೇನೇ ಇರ್ಬೇಕು."

ಅಂದೇ ಬಾಗಿಲು ಹಾಕಿಕೊಂಡು ಊಟಕ್ಕೆ ಕೂತೆವು. ಸೊಸೆ ಅರ್ಧ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕಿದಳು. ನಾನು ಬೇಡ ಅನ್ನಲಿಲ್ಲ.