ವೈಯಾಲಿಕಾವಲಿನ ಹುಣಸೆಮರದವರು

ಹೆಸರು ಒಂದೇ ಆದ ಮಾತ್ರಕ್ಕೆ ರಕ್ತ ಒಂದೇ ಆಗುವುದಿಲ್ಲ. ನಾನು ಓದಿದ್ದು ಅಷ್ಟಕ್ಕಷ್ಟೆ, ಆದರೂ ಈ ಮಾತನ್ನು ಯಾರ ಮುಂದೆ ಬೇಕಾದರೂ ನಿಂತು ಹೇಳಬಲ್ಲೆ. ನನ್ನ ಮೊಮ್ಮಗಳ ಮದುವೆ ಈ ಮಾತಿನ ಮೇಲೇ ನಿಂತಿತ್ತು.

ಪೇಟೆಯೊಳಗಿದ್ದ ನಮ್ಮ ಹಳೆಯ ಮನೆಯ ಮುಂದೆ ಒಂದು ಹುಣಸೆಮರವಿತ್ತಂತೆ. ಅದರಿಂದ ನಮಗೆ ಹುಣಸೆಮರದವರು ಎಂದು ಹೆಸರು. ಮರ ಹೋಯಿತು, ನಾವು ಚಾಮರಾಜಪೇಟೆಗೆ ಬಂದೆವು, ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ಯುದ್ಧ ಮುಗಿದರೂ ರೇಷನ್ ಮುಗಿಯದಿದ್ದ ಆ ದಿನಗಳಲ್ಲಿ ಮೊಮ್ಮಗಳಿಗೆ ವೈಯಾಲಿಕಾವಲಿನಿಂದ ಗಂಡು ಬಂತು. ಬಂಗಾರದಂಥ ಹುಡುಗ, ಮೇಷ್ಟ್ರ ಕೆಲಸ. ಅವಳೂ ಮನಸ್ಸು ಕೊಟ್ಟಿದ್ದಳು. ವಿಚಾರಿಸಿದರೆ ಅವರೂ ಹುಣಸೆಮರದವರೇ!

ಮನೆಗೆ ಹಿರಿಯನಾದ ನನ್ನ ಮೈದುನ ಅಡ್ಡಡ್ಡ ತಲೆಯಾಡಿಸಿಬಿಟ್ಟ. “ಅಣ್ಣ ತಂಗಿ ಆಗ್ತಾರೆ ಅತ್ತಿಗೆ. ಬೇಡ.”

“ಮನೆದೇವ್ರು ಯಾವ್ದು ಅಂತ ಕೇಳೋಣ ತಡಿಯಪ್ಪ.”

“ಕೇಳಿದ್ದಾಯ್ತು. ಅವರದೂ ನಮ್ಮ ಬೆಟ್ಟದ ದೇವ್ರೇ.”

“ಆ ಬೆಟ್ಟಕ್ಕೆ ಅರ್ಧ ಪೇಟೆ ನಡ್ಕೊಳತ್ತೆ. ಅರ್ಧ ಪೇಟೆಯೋರೆಲ್ಲ ನಿನಗೆ ಅಕ್ಕತಂಗೀರಾ?”

ಅವನು ಜಗ್ಗಲಿಲ್ಲ. ಆಗ ನನಗೆ ಹೊಳೆದದ್ದು ತೊಟ್ಟಿಲು. ನಮ್ಮ ವಂಶಕ್ಕೆ ತೊಟ್ಟಿಲು ಆಗಿಬರುವುದಿಲ್ಲ. ಕೂಸು ಹುಟ್ಟಿದರೆ ಹಳೆಯ ಸೀರೆಯ ಜೋಲಿಯಲ್ಲೇ ತೂಗಬೇಕು. ಸುಲ್ತಾನ್‌ಪೇಟೆಯಲ್ಲಿರುವ ನಮ್ಮ ದಾಯಾದಿಗಳು, ತುಮಕೂರಿಗೆ ಹೋದವರು, ಕನಕಪುರದ ಕಡೆ ಅಂಗಡಿ ಇಟ್ಟವರು, ಯಾರ ಮನೆಯ ಬಾಣಂತನಕ್ಕೆ ಹೋದರೂ ನಾನು ಕಂಡದ್ದು ಜೋಲಿಯೇ. ಊರು ಬಿಟ್ಟರು, ವ್ಯಾಪಾರ ಬಿಟ್ಟರು, ಇದೊಂದನ್ನು ಯಾರೂ ಬಿಟ್ಟಿಲ್ಲ.

ಮರುದಿನವೇ ಜಟಕಾ ಹತ್ತಿದೆ. ಹುಡುಗನ ಅಜ್ಜಿ ಬಾಗಿಲಿಗೇ ಬಂದು ಒಳಗೆ ಕರೆದುಕೊಂಡರು. ನಡುಮನೆಯ ತೊಲೆಗೆ ಹಿತ್ತಾಳೆ ಸರಪಳಿ, ಅದರಲ್ಲಿ ತೊಟ್ಟಿಲು, ತೊಟ್ಟಿಲಲ್ಲಿ ಹುಡುಗನ ಅಣ್ಣನ ಕೂಸು! ಈ ವಯಸ್ಸಿನಲ್ಲೂ ನನಗೆ ಕುಣಿಯುವಂತಾಯಿತು.

“ಹೊಸದಾಗಿ ತಂದಿದ್ದಾ ಅಮ್ಮ?”

“ಹೊಸದಾ! ನಮ್ಮ ಮಾವನೋರ್ನ ತೂಗಿದ್ದೂ ಇದರಲ್ಲೇ. ಅವರಪ್ಪ ದಾಬಸ್‌ಪೇಟೆ ರಸ್ತೇಲಿ ಒಂದು ಹುಣಸೆಮರದಡಿ ಗಾಡಿಯೋರಿಗೆ ಊಟ ಹಾಕ್ತಿದ್ರಂತೆ. ಆ ಕಾಲದಲ್ಲಿ ಮಾಡಿಸಿದ್ದು.”

“ಹಾಗಾದ್ರೆ ನಿಮಗೆ ತೊಟ್ಟಿಲು ಆಗಿಬರತ್ತೆ?”

“ಇದೇನ್ ಹೀಗ್ ಕೇಳ್ತೀರಾ! ತೊಟ್ಟಿಲು ಆಗಿಬರದೇ ಇರೋ ಮನೇನೂ ಇರತ್ತಾ?”

“ನಮ್ಮನೇನೇ ಇದೆಯಲ್ಲ,” ಎಂದು ನಕ್ಕು ಎಲ್ಲವನ್ನೂ ಬಿಡಿಸಿ ಹೇಳಿದೆ. ಆಕೆಯೂ ಬಿದ್ದು ಬಿದ್ದು ನಕ್ಕರು.

ಮನೆಗೆ ಬಂದವಳು ಕಾಲು ಕೂಡ ತೊಳೆಯದೆ ಮೈದುನನ ಮುಂದೆ ನಿಂತೆ. “ಅವರ ಮರ ಬೇರೆ, ನಮ್ಮ ಮರ ಬೇರೆ ಕಣಪ್ಪ. ಅವರ ಮನೇಲಿ ಮುತ್ತಾತನ ಕಾಲದಿಂದ ತೊಟ್ಟಿಲು ತೂಗ್ತಿದೆ.”

“ಕಣ್ಣಾರೆ ಕಂಡ್ರಾ?”

“ಕಂಡಿದ್ದೇನು, ತೂಗಿಯೇ ಬಂದೆ.”

ಅವನು ಮೀಸೆ ಸವರಿಕೊಂಡ. ಆಮೇಲೆ, “ಸೋಮವಾರ ನಿಶ್ಚಯಕ್ಕೆ ಬರೋಕೆ ಹೇಳಿ ಕಳ್ಸಿ,” ಎಂದ.

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಮೊಮ್ಮಗಳು ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಒಳ್ಳೆಯ ಸೀರೆಯೆಲ್ಲ ಹಿಟ್ಟಾಯಿತು. ಬಯ್ಯಲೆಂದು ಬಾಯಿ ತೆರೆದೆ, ಬಂದದ್ದು ನಗು.