ಕಂಡವರ ಮನೆಗಳಲ್ಲಿ ಓಡಾಡಿದವಳು

ಪತ್ರಿಕೆಯವರು ಅವಳನ್ನು ಜನಪ್ರಿಯ ಲೇಖಕಿ ಎಂದು ಕೊಂಡಾಡುತ್ತಿದ್ದರು. ಅವಳ ತಮ್ಮ ಮಾತ್ರ, “ನಮ್ಮಕ್ಕನಾ? ಕಂಡವರ ಮನೇಲೇ ಇರ್ತಾಳೆ” ಎನ್ನುತ್ತಿದ್ದ. ನೋಡಹೋದರೆ ಅವನ ಮಾತೇ ಸರಿ. ನಡೆದದ್ದನ್ನು ಕಥೆಯಂತೆ ಬರೆಯುವುದು ಅವಳ ಕಸುಬು. ಸುಟ್ಟುಹೋದ ಗಿರಣಿ, ಮುಳುಗಿದ ದೋಣಿ, ಗುಡ್ಡ ಜಾರಿ ಮಣ್ಣುಪಾಲಾದ ಬೀದಿ, ಇಂಥದರಿಂದ ಬದುಕಿ ಬಂದವರ ಮನೆಗೆ ಹೋಗಿ ಕೂತು, ಕೇಳಿದ್ದನ್ನು ಪುಸ್ತಕ ಮಾಡುತ್ತಿದ್ದಳು. ಒಂದೆಳೆ ಸುಳ್ಳೂ ಸೇರಿಸುತ್ತಿರಲಿಲ್ಲ. ಆದರೂ ಜನ ಊಟ ನಿದ್ದೆ ಬಿಟ್ಟು ಓದುತ್ತಿದ್ದರು. ಪುಸ್ತಕದಂಗಡಿಯಲ್ಲಿ ಕಟ್ಟು ಬಿಚ್ಚುವಷ್ಟರಲ್ಲಿ ಪ್ರತಿಗಳು ಖಾಲಿ.

ಮೊದಲು ಅವಳು ಟೆಲಿಫೋನ್ ಕಚೇರಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಊರವರ ಕರೆಗಳನ್ನು ಜೋಡಿಸುತ್ತಿದ್ದಳು. ಗಿರಣಿ ಸುಟ್ಟಾಗ, ಗಂಡನನ್ನು ಕಳೆದುಕೊಂಡ ನೆರೆಮನೆಯಾಕೆಯನ್ನು ಮಾತಾಡಿಸಲು ಹೋದಳು. ಏನಾಯಿತೆಂದು ಕೇಳಿದರೆ ಆಕೆ ತುಟಿಪಿಟಕ್ಕೆನ್ನಲಿಲ್ಲ. ಇವಳಿಗೆ ಏನು ತೋಚಿತೋ, “ಕಣ್ಣು ಮುಚ್ಕೊಳ್ಳಿ. ಆವತ್ತು ಬೆಳಿಗ್ಗೆ ನಿಮ್ಮನೆ ಬಾಗಿಲ ಹೊರಗೆ ನಿಂತಿದೀರ. ಯಾವ ಕೈಯಲ್ಲಿ ಬಾಗಿಲು ತಳ್ತೀರ?” ಎಂದಳು. ಆಕೆಯ ಬಲಗೈ ತಾನಾಗಿ ಮೇಲೆದ್ದಿತು. ಒಳಗೆ ಕಾಲಿಟ್ಟದ್ದೇ ತಡ, ತಾಮ್ರದ ಕೆಟಲು, ಗಂಡ ತೊಟ್ಟು ಬಿಟ್ಟ ಅಂಗಿ, ಕಿಟಕಿಯ ಬಿಸಿಲು ಎಲ್ಲವೂ ಬಾಯಿಗೆ ಬಂದವು.

ಆಮೇಲೆ ಅದೇ ಅವಳ ದಾರಿಯಾಯಿತು. ಯಾರನ್ನೇ ಆಗಲಿ ಕಣ್ಣು ಮುಚ್ಚಿಸಿ ಅವರವರ ಬಾಗಿಲಿಗೆ ತಂದು ನಿಲ್ಲಿಸುವಳು; ಅವರು ಒಳಗೆ ಹೋದರೆ ಇವಳೂ ಮೆಲ್ಲಗೆ ಹಿಂದೆ ಹೋಗುವಳು. ಹೋದವಳು ಪೂರ್ತಿ ಹಿಂದಿರುಗುತ್ತಿರಲಿಲ್ಲವೆಂದು ಕಾಣುತ್ತದೆ. ನಿದ್ದೆಯಲ್ಲಿ ಅವಳು ಮುಳುಗಿದ ದೋಣಿಯ ಅಂಬಿಗನ ಮನೆಯ ಮೆಟ್ಟಿಲು ಇಳಿದರೆ ಗಿರಣಿಯಾಕೆಯ ಅಡುಗೆಮನೆ ಸಿಗುತ್ತಿತ್ತು, ಅಲ್ಲಿನ ಕಿಟಕಿಯಾಚೆ ಮಣ್ಣಾಗಿಹೋದ ಬೀದಿ ಮತ್ತೆ ಸಾಲುದೀಪ ಹಚ್ಚಿಕೊಂಡು ನಿಂತಿರುತ್ತಿತ್ತು. ಆ ಓಡಾಟ ಅವಳಿಗೆ ಬಲು ಹಿತವಾಗಿತ್ತು.

ಹೀಗಿರುವಾಗ ಪ್ರಕಾಶಕರು ದುಂಬಾಲು ಬಿದ್ದರು: ಇಷ್ಟು ಜನರದ್ದು ಬರೆದಿರಿ, ಈಗ ನಿಮ್ಮದನ್ನು ಬರೆಯಿರಿ, ಅಮ್ಮನಿಂದ ಶುರುಮಾಡಿ. ಅಮ್ಮ ಮನೆಯಲ್ಲೇ ಬಟ್ಟೆ ಇಸ್ತ್ರಿ ಮಾಡಿ ಅವರಿಬ್ಬರನ್ನು ಸಾಕಿದವಳು, ಇವಳು ಲಂಗ ತೊಡುವ ವಯಸ್ಸಿನಲ್ಲೇ ತೀರಿಹೋದವಳು. ಒಂದು ಫೋಟೋ ಕೂಡ ಇರಲಿಲ್ಲ. ಅವಳು ಸರಾಗವಾಗಿ ಮೊದಲ ಪುಟ ಬರೆದಳು. ಓದಿ ನೋಡಿದರೆ, ಅಮ್ಮನ ಒಲೆಯ ಮೇಲೆ ಗಿರಣಿಯಾಕೆಯ ಕೆಟಲು ಕೂತಿತ್ತು. ಅಮ್ಮ ನಗುತ್ತಿದ್ದದ್ದು ಅಂಬಿಗನ ತಾಯಿಯ ನಗು. ಹರಿದುಹಾಕಿ ಮತ್ತೆ ಬರೆದಳು. ಮತ್ತೆ ಇನ್ಯಾರದೋ ತಾಯಿ ಬಂದು ಕೂತಳು. ಊರವರ ತಾಯಂದಿರಿಗೆಲ್ಲ ಜಾಗ ಕೊಟ್ಟು, ಹೆತ್ತವಳನ್ನೇ ಹೊರಗೆ ಹಾಕಿದೆನೇ ಎಂದು ಅವಳಿಗೆ ಅಳು ಬಂತು. ಪುಸ್ತಕ ಹಾಳಾಗಿ ಹೋಗಲಿ, ಅಮ್ಮ ಬೇಕಾಗಿತ್ತು.

ತಮ್ಮನದು ಕೊಡೆ ರಿಪೇರಿ ಅಂಗಡಿ. ಬಿಚ್ಚಿದ ಕೊಡೆಗಳು ಸೂರಿನಿಂದ ತಲೆಕೆಳಗಾಗಿ ತೂಗುತ್ತಿದ್ದವು; ಮಧ್ಯಾಹ್ನದ ಬಿಸಿಲು ಅವುಗಳ ಬಟ್ಟೆಯಲ್ಲಿ ಸೋಸಿ, ಅಂಗಡಿಯೊಳಗೆ ಕೆಂಪು ನೀಲಿಯಾಗಿ ಇಳಿಯುತ್ತಿತ್ತು. ಅಕ್ಕ ಹೇಳಿದ್ದನ್ನೆಲ್ಲ ಅವನು ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಲೇ ಕೇಳಿದ.

“ನಿನ್ನ ಪುಸ್ತಕ ಎರಡು ಪುಟಕ್ಕೇ ನಂಗೆ ಕಣ್ಣು ಎಳೆಯತ್ತೆ” ಎಂದ. “ಆದ್ರೆ ರೇಡಿಯೋದಲ್ಲಿ ಜನರ ಬಾಯಿ ಬಿಡಿಸೋ ನಿನ್ನ ಗುಟ್ಟು ಹೇಳ್ತಿದ್ಯಲ್ಲ, ಅದು ಕೇಳಿದೀನಿ. ಕಣ್ಣು ಮುಚ್ಚು.”

“ನಂಗೇ ತಿರುಮಂತ್ರ ಹಾಕ್ತೀಯೇನೋ?”

“ಮುಚ್ಚಕ್ಕ. ನಮ್ಮನೆ ಬಾಗಿಲು. ಯಾವ ಕೈ?”

ಅವಳ ಕೈ ಏಳಲಿಲ್ಲ. ಬದಲಿಗೆ ಭುಜ ಮುಂದಾಯಿತು. ಆ ಬಾಗಿಲು ಬಿಗಿಯಾಗಿತ್ತು, ಭುಜ ಕೊಟ್ಟು ನೂಕಬೇಕಿತ್ತು. ಒಳಗೆ ಮಬ್ಬು. ಬಿಸಿ ಬಟ್ಟೆಯ ವಾಸನೆ. ಗೋಡೆಗೆ ಒತ್ತಿದ ಮೇಜು.

“ಯಾರೋ ಬೆನ್ನು ಹಾಕಿ ನಿಂತಿದಾರೆ ಕಣೋ. ಇಸ್ತ್ರಿ ಮಾಡ್ತಿದಾರೆ.”

“ಅಮ್ಮನೇ. ಕೂಗು.”

ಇಷ್ಟು ವರ್ಷದಲ್ಲಿ ಅವಳು ಯಾರಿಗೂ ಕೂಗಲು ಹೇಳಿರಲಿಲ್ಲ. ತಿರುಗಿದ ಮುಖ ಬೇರೆಯವರದ್ದಾದರೆ? ಅಲ್ಲಿಗೆ ಮುಗಿಯಿತು, ಅಮ್ಮ ಇನ್ನೆಲ್ಲೂ ಇಲ್ಲ. ಅವಳಿಗೆ ಕಣ್ಣು ತೆರೆದುಬಿಡೋಣ ಅನ್ನಿಸಿತು.

“ಅಮ್ಮಾ” ಎಂದಳು.

ಆಕೆ ತಿರುಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಅಂಗಿಯ ತೋಳಿನ ಮೇಲೆ ಹಾಗೇ ಸರಿಯುತ್ತಿತ್ತು. ಆದರೆ ದನಿ ಬಂತು, ತುಸು ಒಡಕು, ತುಸು ಸಿಡುಕು.

“ಏನಂದ್ಲು?” ತಮ್ಮ ಕೇಳಿದ. ಅವನ ಕೈ ನಿಂತಿತ್ತು.

“‘ಒಬ್ಬಳೇ ಬಂದ್ಯಾ? ತಮ್ಮನ್ನ ಎಲ್ಲಿ ಬಿಟ್ಟೆ?’ ಅಂತಿದಾಳೆ.”

ಅವಳನ್ನು ಹೀಗೆ ಕೇಳುವ ತಾಯಿ ಲೋಕಕ್ಕೆಲ್ಲ ಒಬ್ಬಳೇ. ಅವಳು ಕಣ್ಣು ತೆರೆಯಲಿಲ್ಲ. ಕೈ ಚಾಚಿ ತಡವರಿಸಿ, ತಮ್ಮನ ಒರಟು ಬೆರಳುಗಳನ್ನು ಹಿಡಿದುಕೊಂಡಳು.

“ಇಲ್ಲೇ ಇದಾನಮ್ಮ” ಎಂದಳು. “ಕರ್ಕೊಂಡೇ ಬಂದಿದೀನಿ.”