ಆಯುಧಪೂಜೆಯ ದಿನ ಸಿದ್ದಾರೂಢ ನಿಲ್ಲಿಸಿದ ಕೆಲಸ

ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಸಿದ್ದಾರೂಢ ಗದಗಿನ ಕಡೆಯವನು. ನಾನು ಹೂರಣ ಮಾಡುವ ಜಯನಗರದ ಒಬ್ಬಟ್ಟಿನ ಅಂಗಡಿಯಲ್ಲೇ ಅವನಿಗೂ ಕೆಲಸ. ನನ್ನದು ಒಲೆಯ ಮುಂದೆ, ಅವನದು ಕಂಪ್ಯೂಟರಿನ ಮುಂದೆ. ಸುದ್ದಗುಂಟೆಪಾಳ್ಯದಿಂದ ಬಸ್ಸಿನಲ್ಲಿ ಹೋಗುವಾಗ ಒಮ್ಮೆ, ನೀನು ಮಾಡುವುದೇನಪ್ಪ ಎಂದು ಕೇಳಿದೆ.

"ಮಂದಿ ಫೋನಿನಾಗ ಹೋಳಿಗಿ ಆರ್ಡರ್ ಮಾಡ್ತಾರಲ್ರೀ ಅಮ್ಮಾರ, ಮುಂದಿನ ಪ್ರೋಗ್ರಾಮು 'ಸಿಕ್ತು' ಅಂತ ಹೇಳಿ ಕಳಸ್ತೈತಿ. ಅದನ್ನ ಅಡುಗಿಮನಿಗೆ ಮುಟ್ಟಸೂದು ಹಿಂದಿನ ಪ್ರೋಗ್ರಾಮಿನ ಕೆಲಸ. ಅದು ಒಮ್ಮೊಮ್ಮೆ ಸುಸ್ತಾಗಿ ಕುಂದರತೈತಿ. ನಿಲ್ಲಿಸಿ ಮತ್ತ ಚಾಲೂ ಮಾಡಬೇಕು."

"ಎಬ್ಬಿಸಿ ಕಾಫಿ ಕೊಟ್ಟಂಗೆ ಅನ್ನು."

ನಿಲ್ಲಿಸುವುದರಲ್ಲೂ ಅವನದೊಂದು ಕ್ರಮ. ಹೊಸ ಕೆಲಸ ಹಿಡಿಯಬೇಡ ಎಂದು ಅದಕ್ಕೆ ಹೇಳಿ, ಕೈಯಲ್ಲಿರುವುದು ಮುಗಿಯುವವರೆಗೆ ಕಾಯುತ್ತಾನೆ. ಅವಸರಪಟ್ಟರೆ ಅರ್ಧ ಹೋದ ಆರ್ಡರು ಯಾರ ಮನೆಯದೆಂದು ತಿಳಿಯದೆ ಉಳಿಯುತ್ತದಂತೆ. ಊಟಕ್ಕೆ ಕೂತಾಗಲೂ ಅಷ್ಟೇ, ಬಾಯಲ್ಲಿರುವ ತುತ್ತು ಇಳಿಯದೆ ಫೋನಿಗೆ ಹಲೋ ಎನ್ನುವವನಲ್ಲ.

ಈ ಸಲದ ಆಯುಧಪೂಜೆಗೆ ಯಜಮಾನರಾದ ಸಂಜೀವಯ್ಯನವರು ಗ್ರೈಂಡರಿಗೆ, ಲಟ್ಟಣಿಗೆಗಳಿಗೆ, ಕಂಪ್ಯೂಟರಿಗೆ ಕುಂಕುಮವಿಟ್ಟು ಹೂ ಏರಿಸಿದರು.

"ನಾಳೆ ಕಳಶ ಕದಲಿಸೋವರೆಗೂ ಯಾವ ಆಯುಧಾನೂ ಕೆಲಸ ಮಾಡಂಗಿಲ್ಲ. ನಿನ್ನ ಹಿಂದಿನ ಪ್ರೋಗ್ರಾಮೂ ನಿಲ್ಸಪ್ಪಾ."

"ಮುಂದಿಂದು?"

"ಅದಿರ್ಲಿ. ಹಬ್ಬದ ದಿನ ಗಿರಾಕೀನ ವಾಪಸ್ ಕಳಿಸ್ಬಾರ್ದು."

"ಆರ್ಡರ್ ಬಂದು ಒಳಗ ಕುಂದರತಾವ್ರಿ, ಸರ. ನಮಗ ಗೊತ್ತಾಗೂದಿಲ್ಲ."

"ದೇವರ ಮುಂದೆ ವಾದ ಬೇಡ."

ಅವನು ತನ್ನ ಕ್ರಮದಂತೆ ನಿಲ್ಲಿಸಿದ. ಆರ್ಡರು ಬಂದಾಗಲೆಲ್ಲ ಸದ್ದು ಮಾಡುವ ಅಡುಗೆಮನೆಯ ಫೋನು ಸುಮ್ಮನಾಯಿತು. ಯಜಮಾನರು ಕಡಲೆಪುರಿ ತಿನ್ನುತ್ತಾ, "ಎಷ್ಟು ನೆಮ್ಮದಿ ನೋಡಿ ಅಮ್ಮ," ಎಂದರು.

ಸಂಜೆ ಗಿರಿನಗರದ ಚೂಡಾಮಣಿ ಎಂಬವರು ಯಜಮಾನರಿಗೆ ಕರೆ ಮಾಡಿದರು. ಅವರ ದನಿ ನನ್ನ ಒಲೆಯವರೆಗೂ ಕೇಳಿತು.

"ನಾಳೆ ಮಗಳ ನಿಶ್ಚಿತಾರ್ಥ ರೀ! ಆರ್ಡರ್ ಸಿಕ್ತು ಅಂತ ಮೆಸೇಜ್ ಬಂತು, ಆಮೇಲೆ ಒಬ್ರೂ ಮಾತಿಲ್ಲ. ಗಂಡಿನ ಕಡೆಯವ್ರಿಗೆ ಎಲೆ ಮೇಲೆ ಮೆಸೇಜ್ ಬಡಿಸ್ಲಾ?"

ಯಜಮಾನರ ಬಾಯಲ್ಲಿದ್ದ ಕಡಲೆಪುರಿ ಅಲ್ಲೇ ನಿಂತಿತು. ಇಂಥ ಆರ್ಡರು ಇನ್ನೆಷ್ಟಿವೆಯೋ. ಈಗ ತಿಳಿಯದಿದ್ದರೆ ಬೇಳೆ ತರುವ ಅಂಗಡಿಯೂ ಮುಚ್ಚುತ್ತದೆ, ನಾಳೆಯ ಎಲೆಗಳಿಗೆ ಒಬ್ಬಟ್ಟೂ ಇಲ್ಲ.

"ಚಾಲೂ ಮಾಡ್ಲ್ಯಾ, ಸರ?"

"ಪೂಜೆಗಿಟ್ಟಿದ್ದು ಕಣೋ! ಹೆಂಗೋ ಮುಟ್ಟೋದು?"

ಸಿದ್ದಾರೂಢ ಕತ್ತು ಕೆರೆದುಕೊಂಡ. "ಸರ, ನೀವು ಪೂಜಾ ಮಾಡಿದ್ದು ಬಿಲ್ ಹಾಕೂ ಕಂಪ್ಯೂಟರಿಗೆ. ಪ್ರೋಗ್ರಾಮು ಓಡೂ ಸರ್ವರ್ ಇಲ್ಲಿಲ್ಲ. ಮುಂಬೈದಾಗ ಬಾಡಿಗಿಗೆ ತಗೊಂಡೇವಿ."

"ಅದಕ್ಕೆ ಕುಂಕುಮಾನೇ ಇಟ್ಟಿಲ್ವಾ?"

"ಇಲ್ರಿ."

ಯಜಮಾನರು ಹಗುರಾಗುತ್ತಾರೆ ಎಂದುಕೊಂಡೆ. ಅವರು ಹಣೆ ಚಚ್ಚಿಕೊಂಡರು. "ಅಯ್ಯೋ, ಇಷ್ಟು ವರ್ಷ ಪೂಜೆ ಕಾಣ್ದೆ ದುಡೀತಿದೆಯಲ್ಲೋ!"

"ಪೂಜೆ ಆಗ್ದೇ ಇರೋದಕ್ಕೆ ರಜಾನೂ ಇಲ್ಲ ಅಲ್ವಾ, ಯಜಮಾನ್ರೇ?" ಎಂದೆ.

ಅವರು ಕರ್ಪೂರದ ತಟ್ಟೆ ಎತ್ತಿಕೊಂಡರು. "ಇಲ್ಲ. ಆದ್ರೆ ಬರೀಗೈಲಿ ಶುರು ಮಾಡ್ಸೋದು ಬೇಡ. ಮುಂಬೈ ಯಾವ ಕಡೆ?"

ಸಿದ್ದಾರೂಢ ಕೈ ತೋರಿಸಿದ. ಆ ಕಡೆ ಇದ್ದದ್ದು ಬಚ್ಚಲಿನ ಬಾಗಿಲು. ಯಜಮಾನರು ಅದಕ್ಕೇ ಭಕ್ತಿಯಿಂದ ಕರ್ಪೂರ ಬೆಳಗಿದರು. ಅವರು ಕಣ್ಣು ಮುಚ್ಚಿದ್ದಾಗಲೇ ಸಿದ್ದಾರೂಢ ಚೀಲದಿಂದ ತನ್ನ ಲ್ಯಾಪ್‌ಟಾಪ್ ತೆಗೆದು ಅದರಿಂದಲೇ ಹಿಂದಿನ ಪ್ರೋಗ್ರಾಮು ಚಾಲೂ ಮಾಡಿಬಿಟ್ಟ.

ಅಡುಗೆಮನೆಯ ಫೋನು ಒಂದೇ ಸಮನೆ ಬಡಿದುಕೊಂಡಿತು. ಶ್ರೀನಗರ, ಬನಶಂಕರಿ, ಜೆ.ಪಿ. ನಗರ. ಯಜಮಾನರು ಬೇಳೆ ಅಂಗಡಿಗೆ ಓಡುತ್ತಲೇ, ಬೆಳಗಿನ ಜಾವವೇ ಕಳಶ ಕದಲಿಸಿ ಗ್ರೈಂಡರ್ ಬಿಡಿಸುತ್ತೇನೆಂದು ಕೂಗಿದರು. ಚೂಡಾಮಣಿಯವರ ಆರ್ಡರು ಮಾತ್ರ ಮೂರು ಸಲ ಬಂದಿತ್ತು. ಉತ್ತರ ಬಾರದೆ ಮತ್ತೆ ಮತ್ತೆ ಒತ್ತಿದ್ದರು. ಸಿದ್ದಾರೂಢ ಅವರಿಗೆ ಫೋನು ಮಾಡಿದ.

"ಮೇಡಂ, ನಿಮ್ಮ ಹೋಳಿಗಿ ನಾಳೆ ಬರತಾವ್ರಿ. ಮೂರು ಸಲ ಒತ್ತೀರಿ. ಎರಡು ತೆಗದು ಹಾಕ್ಲ್ಯಾ?"



"ಒಂದೇ ತೆಗೀರಿ," ಎಂದರು ಚೂಡಾಮಣಿ. "ಗಂಡಿನ ಸೋದರಮಾವನೂ ಬರ್ತಿದಾರಂತೆ."